ಬಳಕೆದಾರರ ಪ್ರತಿನಿಧಿಯ ನೇಮಕ

ನಮ್ಮ ರಾಜ್ಯದ ವಿದ್ಯುತ್ ದರ ಆಯೋಗದ ಮೂವರು ಸದಸ್ಯರೂ ವಿದ್ಯುತ್ ಕಂಪನಿಯಿಂದಲೇ ನಿವೃತ್ತರಾದವರು. ಇದು ಕೇವಲ ಕಾಕತಾಳೀಯವೆಂದು ಆಯೋಗವೇ ನಿರ್ಣಯ ಮಾಡಿರುವುದರಿಂದ ಸಂಶಯಕ್ಕೆ ಎಡೆಯಿಲ್ಲ. ಆದರೂ ಜನ ಬಾಯಿ ಮುಚ್ಚಬೇಕಲ್ಲ! ಕೊನೆಗೆ ಶಾಸನಸಭೆ ಸುಧಾರಣೆ ತಂದಿತು: ಬಳಕೆದಾರರ ಪರವಾಗಿ, ಸ್ವತಃ ಬಳಕೆದಾರರಾದ ನಾಲ್ಕನೆಯ ಸದಸ್ಯರೊಬ್ಬರು ಇರತಕ್ಕದ್ದು.

ಅರ್ಜಿ ಹಾಕಿದ್ದು ವಿಲ್ಮಾ ಟ್ರಾಸ್ಕ್ ಒಬ್ಬರೇ. ಹಿಂದೆ ಶಾಲೆಯ ಬಸ್ಸು ಓಡಿಸುತ್ತಿದ್ದವರು. ಕಳೆದ ಸಲ ದರ ಏರಿದ ಮೇಲೆ ಈ ಮುದುಕಿ ಮನೆಯನ್ನೆಲ್ಲ ಮುಚ್ಚಿ, ಒಂದೇ ಕೋಣೆಯಲ್ಲಿ ಹೀಟರ್ ಹಾಕಿಕೊಂಡು ಚಳಿಗಾಲ ಕಳೆದಿದ್ದರು. ಇನ್ನೊಮ್ಮೆ ಏರಿದರೆ ಆ ಕೋಣೆಯೂ ತಣ್ಣಗಾಗುವುದಿತ್ತು. ಆಯೋಗದ ಕಾರ್ಯದರ್ಶಿಯಾದ ನಾನೇ ಅವರನ್ನು ಸಭೆಗೆ ಕರೆದೆ.

ಅಧ್ಯಕ್ಷ ಲೆಲ್ಯಾಂಡ್ ಪರ್ವಿಸ್ ಬಹಳ ಮರ್ಯಾದೆಯಿಂದ ಕೇಳಿದರು: "ಅಮ್ಮಾ, ದರ ಇಳಿದ್ರೆ ನಿಮ್ಗೆ ಲಾಭ ಅಲ್ವಾ?"

"ಅಲ್ದೆ ಮತ್ತೇನು? ಅದಕ್ಕೇ ಬಂದಿರೋದು."

"ಅಲ್ಲೇ ತೊಡಕು ನೋಡಿ. ಸ್ವಂತ ಲಾಭ ಇರೋರು ಸದಸ್ಯರಾಗೋ ಹಾಗಿಲ್ಲ."

"ನಿಮ್ಗೆ ಕಂಪನಿ ಪಿಂಚಣಿ ಬರುತ್ತಲ್ರೀ?"

"ದರ ಏರಿದ್ರೂ ಅಷ್ಟೇ, ಇಳಿದ್ರೂ ಅಷ್ಟೇ. ನಾವು ನಿರ್ಲಿಪ್ತರು."

ವಿಲ್ಮಾ ಹಟಮಾರಿ. ನೆಟ್ಟಗೆ ಹೋಗಿ ಮನೆಯ ಕರೆಂಟ್ ತೆಗೆಸಿಬಿಟ್ಟರು. ಜನವರಿ ತಿಂಗಳು, ಹೊರಗೆ ಮೊಣಕಾಲುದ್ದ ಹಿಮ. ಮುಂದಿನ ಸಭೆಗೆ ಕೋಟಿನ ಮೇಲೆ ಕೋಟು ಹಾಕಿಕೊಂಡು ಬಂದರು.

"ಈಗ ಬಿಲ್ಲೂ ಇಲ್ಲ, ಲಾಭಾನೂ ಇಲ್ಲ. ಕೊಡಿ ಕುರ್ಚಿ."

ಆಯೋಗ ಅವರ ತ್ಯಾಗವನ್ನು ಸರ್ವಾನುಮತದಿಂದ ಅಭಿನಂದಿಸಿತು. ಆಮೇಲೆ ಅಧ್ಯಕ್ಷರು, "ಆದ್ರೆ ಅಮ್ಮಾ, ಕರೆಂಟೇ ಇಲ್ದೋರು ಬಳಕೆದಾರರು ಹೇಗಾಗ್ತಾರೆ?" ಎಂದರು.

ನನಗೆ ಮೈಯೆಲ್ಲ ಉರಿದುಹೋಯಿತು. ಆದರೆ ಕಾರ್ಯದರ್ಶಿಯ ಮೈ ಉರಿದದ್ದನ್ನು ನಡಾವಳಿಯಲ್ಲಿ ಬರೆಯುವ ಪದ್ಧತಿ ನಮ್ಮಲ್ಲಿಲ್ಲ.

ಕರೆಂಟ್ ಬಳಸುತ್ತಿರಬೇಕು, ಬಿಲ್ಲಿನ ಚಿಂತೆ ಇರಬಾರದು. ಹುಡುಕಿದಾಗ ಅರ್ಹರೊಬ್ಬರು ಸಿಕ್ಕರು: ಕಂಪನಿಯ ಉಪಾಧ್ಯಕ್ಷ ಗ್ರೇಡಿ ಲಾಫ್ಟನ್. ಅವರ ಮನೆಯಲ್ಲಿ ಈಜುಕೊಳದ ನೀರು ಕೂಡ ಬೆಚ್ಚಗಿರುತ್ತದೆ, ಬಿಲ್ಲನ್ನು ಕಂಪನಿ ಕಟ್ಟುತ್ತದೆ. ಪತ್ರಿಕೆಗಳು ಸುಧಾರಣೆ ಪೂರ್ಣಗೊಂಡಿತೆಂದು ಬರೆದವು.

ಸುಧಾರಿತ ಆಯೋಗದ ಮೊದಲ ಆದೇಶದಂತೆ, ಕರೆಂಟ್ ತೆಗೆಸಿದ ಮನೆಗೆ ಮತ್ತೆ ಸಂಪರ್ಕ ಕೊಡುವ ಶುಲ್ಕ ದುಪ್ಪಟ್ಟಾಯಿತು. "ಬಳಕೆದಾರರ ಪರವಾಗಿ ನನ್ನ ಪೂರ್ಣ ಒಪ್ಪಿಗೆ ಇದೆ" ಎಂದರು ಲಾಫ್ಟನ್.

ಮಾರನೆಯ ದಿನ ಕಂಪನಿಯ ಕೌಂಟರಿನಲ್ಲಿ ವಿಲ್ಮಾ ಸಾಲಿನಲ್ಲಿ ನಿಂತಿದ್ದರು. ಹಿಂದಿದ್ದ ಹೆಂಗಸು ಸಮಾಧಾನ ಹೇಳಿದಳು: "ಏನೇ ಆಗ್ಲಿ ಅಕ್ಕಾ, ನಮ್ಮ ಪರ ಅಂತ ಮಾತಾಡೋಕೆ ಈಗ ಒಬ್ರಾದ್ರೂ ಇದ್ದಾರಲ್ಲ."

"ಹೌದು ಕಣಮ್ಮ, ಅದೊಂದಾದ್ರೂ ಆಯ್ತಲ್ಲ" ಎಂದು ವಿಲ್ಮಾ ಕೈಗವಸು ತೆಗೆದು, ದುಪ್ಪಟ್ಟು ಶುಲ್ಕ ಕಟ್ಟಿದರು.