ಕ್ರೇಪ್ ಬ್ಯಾಂಡೇಜಿನ ಜೊತೆ ಬಂದ ಒಬ್ಬಟ್ಟು

ಪರೋಪಕಾರಕ್ಕೂ ಖರ್ಚಿದೆ ಎಂಬುದನ್ನು ಅದನ್ನು ಮಾಡದವರು ನಂಬುವುದಿಲ್ಲ, ಮಾಡುವವರು ಬಾಯಿಬಿಟ್ಟು ಹೇಳುವುದಿಲ್ಲ. ನಾನು ಎರಡನೆಯ ಗುಂಪಿನವನು. ಆದರೆ ನಾನು ಬಾಯಿಬಿಡದಿದ್ದುದಕ್ಕೆ ಕಾರಣ ದೊಡ್ಡತನವಲ್ಲ. ನನ್ನ ಬಾಯಿ ಸದಾ ತುಂಬಿರುತ್ತಿತ್ತು, ಅಷ್ಟೇ.

ಪದ್ಮನಾಭನಗರದಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ. ಮಹಡಿ ಮೇಲೆ ಟ್ಯೂಷನ್ ಸೆಂಟರು, ಎದುರಿಗೆ ರಸ್ತೆಗೆ ಅಡ್ಡಲಾಗಿ ಒಂದು ಹಂಪು. ಆ ಹಂಪಿಗೆ ಬಿಳಿ ಬಣ್ಣ ಬಳಿಯುವುದನ್ನು ಪಾಲಿಕೆಯವರು ಮರೆತಿದ್ದಾರೆ. ಅವರಿಗೆ ನೆನಪಾಗುವ ಹೊತ್ತಿಗೆ ರಸ್ತೆಯನ್ನೇ ಅಗೆದಿರುತ್ತಾರೆ, ಬಿಡಿ. ಹೀಗಾಗಿ ಆಗಾಗ ಯಾರಾದರೊಬ್ಬರು ಸ್ಕೂಟರಿನಿಂದ ಹಾರಿ ನನ್ನ ಬಾಗಿಲಿಗೇ ಬಂದು ಬೀಳುತ್ತಾರೆ. ಮೊದಲೆಲ್ಲ ನಾನೂ "ನೀರು ತನ್ರೀ, ಗಾಳಿ ಆಡೋಕೆ ಬಿಡ್ರೀ" ಎಂದು ಕೂಗಾಡಿ ಕರ್ತವ್ಯ ಮುಗಿಸುತ್ತಿದ್ದೆ. ಆಮೇಲೆ ಎಲ್ಲೋ ಪ್ರಥಮ ಚಿಕಿತ್ಸೆಯ ತರಬೇತಿ ಇದೆಯೆಂದು ಗೊತ್ತಾಗಿ, ಮಧ್ಯಾಹ್ನದ ಊಟವೂ ಇದೆಯೆಂದು ಖಚಿತವಾಗಿ, ಹೋಗಿ ಕಲಿತು ಬಂದೆ. ಅಂದಿನಿಂದ ಕೌಂಟರಿನ ಕೆಳಗೆ ಒಂದು ಪೆಟ್ಟಿಗೆ. ಹತ್ತಿ, ಪ್ಲಾಸ್ಟರು, ಕ್ರೇಪ್ ಬ್ಯಾಂಡೇಜು, ಕೈಗವಸು, ಎಲ್ಲವೂ ನನ್ನ ಗಲ್ಲಾದ ದುಡ್ಡಿನವು. ಜನ ನನ್ನನ್ನು 'ಜೆರಾಕ್ಸ್ ಡಾಕ್ಟ್ರು' ಎಂದು ಕರೆಯತೊಡಗಿದರು. ನಾನೂ ತಿದ್ದಲು ಹೋಗಲಿಲ್ಲ.

ಆದರೆ ಕಟ್ಟಿದ ಬ್ಯಾಂಡೇಜು ವಾಪಸ್ ಬರುತ್ತದೆಂದು ತರಬೇತಿಯಲ್ಲಿ ಯಾರೂ ಹೇಳಿರಲಿಲ್ಲ. ನಮ್ಮ ಜನ ಬಲು ಮರ್ಯಾದಸ್ಥರು. ಕಾಲು ಉಳುಕಿದ ಆಂಟಿಗೆ ಕಟ್ಟಿದ್ದು ವಾಸಿಯಾದ ಮೇಲೆ ಒಗೆದು, ಒಣಗಿಸಿ, ಇಸ್ತ್ರಿ ಹಾಕಿಸಿಕೊಂಡು ಬರುತ್ತದೆ. ಇಸ್ತ್ರಿಯಾಗಿ ಬಿಗಿ ಕಳೆದುಕೊಂಡ ಕ್ರೇಪ್ ಬ್ಯಾಂಡೇಜು ಜಡೆಗೆ ಕಟ್ಟಲು ಮಾತ್ರ ಲಾಯಕ್ಕು. ಹೋಗಲಿ ಎಂದರೆ, "ಬರಿಗೈಲಿ ಹೇಗೆ ಕೊಡೋದು ಸಾರ್" ಎಂದು ಜೊತೆಗೊಂದು ಸ್ಟೀಲ್ ಡಬ್ಬಿ. ಅದರೊಳಗೆ ಒಬ್ಬಟ್ಟು! ಇಟ್ಟಮಡುವಿನಿಂದ ಟ್ಯೂಷನ್ನಿಗೆ ಬರುವ ಹುಡುಗಿ ಮೊಣಕೈ ತರಚಿಕೊಂಡರೆ ಅವರ ಮನೆಯಿಂದ ರವೆ ಉಂಡೆ. ಗಿರಿನಗರದ ಲೆಕ್ಕದ ಮೇಷ್ಟ್ರು ಹುಬ್ಬಿಗೊಂದು ಪ್ಲಾಸ್ಟರ್ ಹಾಕಿಸಿಕೊಂಡು ಹೋಗಿ ತುಪ್ಪ ಜಿನುಗುವ ಮೈಸೂರು ಪಾಕು ತಂದುಕೊಟ್ಟರು. ಇಂಥ ವ್ಯಾಪಾರ ನಮ್ಮ ರಸ್ತೆಯಲ್ಲಿ ಇನ್ನಾರಿಗಿದೆ, ಹೇಳಿ?

ನನಗೆ ಶುಗರ್ ಇದೆ ಎಂಬ ಸಣ್ಣ ಸಂಗತಿಯನ್ನು ಇಲ್ಲಿ ಹೇಳಿಬಿಡಬೇಕು. ನನ್ನ ಹೆಂಡತಿ ಗಿರಿಜ ಅದನ್ನು ಸಣ್ಣದೆಂದು ಒಪ್ಪುವುದಿಲ್ಲ. ಮನೆಯಲ್ಲಿ ಕಾಫಿಗೂ ಸಕ್ಕರೆ ಇಲ್ಲ. ಡಬ್ಬಿಗಳೆಲ್ಲ ಅಂಗಡಿಯಲ್ಲೇ ಖಾಲಿಯಾಗುತ್ತಿದ್ದವು. ಕಾಫಿಗೆ ಸಕ್ಕರೆ ಬಿಟ್ಟರೂ ಶುಗರ್ ಯಾಕೆ ಏರುತ್ತಿದೆಯೆಂದು ತಲೆಕೆಡಿಸಿಕೊಂಡ ಅವಳು, ಒಂದು ಮಧ್ಯಾಹ್ನ ಹೇಳದೆ ಕೇಳದೆ ಅಂಗಡಿಗೆ ಬಂದಳು. ನಾನು ಮೆಷಿನ್ನಿನ ಹಿಂದೆ ಕುಕ್ಕರಗಾಲಿನಲ್ಲಿ ಕೂತಿದ್ದೆ. ಕೈಯಲ್ಲಿ ಅರ್ಧ ಒಬ್ಬಟ್ಟು, ಯಾರದೋ ಮಾರ್ಕ್ಸ್ ಕಾರ್ಡಿನ ಮೇಲೆ ತುಪ್ಪದ ಹೆಬ್ಬೆಟ್ಟು.

ಅವಳು ಬಯ್ಯಲಿಲ್ಲ. ಬೈದಿದ್ದರೆ ವಾಸಿಯಿತ್ತು. "ಊರೋರ ಗಾಯಕ್ಕೆಲ್ಲ ಪಟ್ಟಿ ಕಟ್ತೀರ. ನಿಮ್ಮಪ್ಪನ ಕಾಲ್ಬೆರಳು ತೆಗೆದಿದ್ದು ಮರೆತೇಹೋಯ್ತಾ? ನಂಗೆ ಭಯ ಆಗುತ್ತೆ ರೀ" ಎಂದು ಕಣ್ಣೊರೆಸಿಕೊಂಡಳು. ನಾನು ಕೈಲಿದ್ದ ಅರ್ಧ ಒಬ್ಬಟ್ಟನ್ನು ಡಬ್ಬಿಗೆ ಹಾಕಿ ಮುಚ್ಚಿದೆ. ಇನ್ನು ಯಾವ ಡಬ್ಬಿಯನ್ನೂ ಮುಟ್ಟುವುದಿಲ್ಲ ಎಂದು ಆಣೆ ಮಾಡಿದೆ. ಕೆಲವು ದಿನ ಮುಟ್ಟಲೂ ಇಲ್ಲ. ಆಮೇಲೆ ಕಜ್ಜಾಯ ಬಂತು.

ಅದು ಗೊತ್ತಾದ ಗಿರಿಜ ಈ ಸಲ ನನ್ನನ್ನು ಕೇಳಲು ಬರಲಿಲ್ಲ. ನೇರ ಹಾರ್ಡ್‌ವೇರ್ ಅಂಗಡಿಯ ರುದ್ರಪ್ಪನವರ ಹತ್ತಿರ ಹೋದಳು. ಅವರು ನಮ್ಮ ರಸ್ತೆಯ ವರ್ತಕರ ಸಂಘದ ಕಾರ್ಯದರ್ಶಿ. "ಅಣ್ಣ, ಇವರ ಹತ್ತಿ, ಬ್ಯಾಂಡೇಜಿನ ಖರ್ಚು ಸಂಘದಿಂದ ಕೊಡಿ. ಖರ್ಚು ಸಂಘದ್ದು ಅಂತ ಅಂಗಡಿ ಮುಂದೆ ಬೋರ್ಡ್ ಹಾಕಿ. ಆಗ ಯಾರಿಗೂ ಇವರ ಋಣ ಅನ್ನೋದಿರಲ್ಲ, ಯಾರೂ ಡಬ್ಬಿ ತರಲ್ಲ" ಎಂದಳಂತೆ. ನಾನು ಊರೆಲ್ಲ ಹುಡುಕಿ ಮದುವೆಯಾಗಿದ್ದರೂ ಇಷ್ಟು ಬುದ್ಧಿವಂತೆ ಸಿಗುತ್ತಿರಲಿಲ್ಲ.

ಭಾನುವಾರ ಸಂಘದ ಸಭೆ ಸೇರಿತು. ಗಿರಿಜ ಹಿಂದಿನ ಸಾಲಿನಲ್ಲಿ ಕೂತಿದ್ದಳು. "ನ್ಯಾಯವಾದ ಮಾತು ಕಣಪ್ಪ. ಸೇವೆ ನಿಂದು, ಸಾಮಾನು ನಮ್ದು" ಎಂದರು ರುದ್ರಪ್ಪ. ಟೈಲರ್ ನಾಗರತ್ನಮ್ಮ, "ಕೊಡ್ಲೇಬೇಕು ಸಾರ್. ಕೈಯಿಂದ ಹಾಕಿ ಹಾಕಿ ಇವ್ರಿಗೆ ಬೇಜಾರಾಗಿ ನಿಲ್ಲಿಸಿಬಿಟ್ರೆ ಬಿದ್ದೋರ ಗತಿ ಏನು?" ಎಂದರು. ಇಬ್ಬರದೂ ನೂರಕ್ಕೆ ನೂರು ಸರಿ. ಆದರೆ ನನ್ನ ಕಣ್ಣ ಮುಂದೆ ಡಬ್ಬಿಗಳೆಲ್ಲ ಸಾಲಾಗಿ ಬೆನ್ನು ತಿರುಗಿಸಿ ಹೊರಟಿದ್ದವು. ತಡೆಯಲಾಗದೆ ಎದ್ದು ನಿಂತೆ. "ಸೇವೆಗೆ ಬಿಲ್ ಹಾಕೋ ಜನ ನಾವಲ್ಲ! ಬಿದ್ದೋರ ಕೈ ಹಿಡಿಯೋನು ವಾಪಸ್ ಏನೂ ಮುಟ್ಟಬಾರದು. ನಂಗೆ ಒಂದು ಪೈಸೆ ಬೇಡ. ಒಂದು ಅಗುಳೂ ಬೇಡ!" ಎಂದೆ. ಕೊನೆಯ ಮಾತು ಭಾಷಣದ ಭರದಲ್ಲಿ ತಾನಾಗಿ ಬಂತು. ಚಪ್ಪಾಳೆಯೋ ಚಪ್ಪಾಳೆ. ರುದ್ರಪ್ಪ ಅದನ್ನೇ ಸಂಘದ ನಿರ್ಣಯವೆಂದು ಬರೆದುಕೊಂಡರು. ಎಲ್ಲರಿಗಿಂತ ಜೋರಾಗಿ ತಟ್ಟಿದವಳು ಗಿರಿಜ. ಅಲ್ಲೇ ನನಗೆ ಅನುಮಾನ ಬರಬೇಕಿತ್ತು.

ಮರುದಿನ ಅವಳೇ ಬಂದು, ನನ್ನ ಕಂಪ್ಯೂಟರಿನಲ್ಲಿ ಟೈಪ್ ಮಾಡಿ, ನನ್ನ ಮೆಷಿನ್ನಿನಲ್ಲಿ ಲ್ಯಾಮಿನೇಷನ್ ಮಾಡಿ, ಕೌಂಟರಿನ ಮುಂದೆ ಅಂಟಿಸಿದಳು: 'ಇಲ್ಲಿ ಪ್ರಥಮ ಚಿಕಿತ್ಸೆ ಉಚಿತ. ಹಣ, ತಿಂಡಿ, ಏನನ್ನೂ ಕೊಟ್ಟು ಮಾಲೀಕರ ಮನಸ್ಸು ನೋಯಿಸಬೇಡಿ.' ನಾನು ಬಾಯಿ ತೆರೆಯುವ ಮುಂಚೆಯೇ, "ನೀವೇ ಅಂದಿದ್ದಲ್ವಾ ರೀ, ಅಗುಳೂ ಬೇಡ ಅಂತ?" ಎಂದಳು.

ಆ ವಾರವೇ, ಕೈ ಉಳುಕಿಸಿಕೊಂಡು ನನ್ನಿಂದ ಪಟ್ಟಿ ಕಟ್ಟಿಸಿಕೊಂಡಿದ್ದ ಒಬ್ಬ ಆಂಟಿ ಬಂದರು. ಚೀಲದೊಳಗಿಂದ ಬಿಸಿ ಕಾಯಿ ಒಬ್ಬಟ್ಟಿನ ಘಮ. ನಾನು ಬೋರ್ಡಿಗೆ ಅಡ್ಡ ನಿಲ್ಲಲು ಓಡಿದೆ, ತಡವಾಗಿತ್ತು. ಅವರು ಒಂದೊಂದೇ ಅಕ್ಷರ ಓದಿದರು. ಸೆರಗಿನಿಂದ ಕಣ್ಣೊರೆಸಿಕೊಂಡು, "ಇಂಥೋರೂ ಇದ್ದಾರಲ್ಲ ಸಾರ್, ಈ ಕಾಲದಲ್ಲಿ!" ಎಂದು ಕೈಮುಗಿದು, ಡಬ್ಬಿಯನ್ನು ಚೀಲಕ್ಕೆ ವಾಪಸ್ ಇಟ್ಟುಕೊಂಡು ಹೊರಟರು. ನಾನೂ ಕೈಮುಗಿದೆ. ಇನ್ನೇನು ಮಾಡಲಿ?

ಈಗ ಶುಗರ್ ಇಳಿದಿದೆ. ರಿಪೋರ್ಟ್ ನೋಡಿದ ಗಿರಿಜಳ ಮುಖದ ನೆಮ್ಮದಿ ಕಂಡು ನನಗೂ ಖುಷಿಯಾಯಿತು, ಸುಳ್ಳೇಕೆ ಹೇಳಲಿ. ಹತ್ತಿಯನ್ನೂ ಪ್ಲಾಸ್ಟರನ್ನೂ ಮಾತ್ರ ಇಂದಿಗೂ ನನ್ನ ಜೇಬಿನಿಂದಲೇ ತರುತ್ತೇನೆ. ಸ್ವಯಂಸೇವಕರಿಗೆ ಸಾಮಾನಿನ ಖರ್ಚು ಕೊಡಬೇಕೇ ಎಂದು ಈಗ ಯಾರಾದರೂ ನನ್ನನ್ನು ಕೇಳಿ ನೋಡಿ. ಕೊಡಬೇಕು ಸ್ವಾಮಿ, ಖಂಡಿತ ಕೊಡಬೇಕು! ಆದರೆ 'ಬೇಡವೇ ಬೇಡ' ಎಂಬ ಸಂಘದ ನಿರ್ಣಯದ ಪ್ರತಿಗಳು ರಸ್ತೆಯ ಎಲ್ಲ ಅಂಗಡಿಗಳಿಗೂ ಹೋಗಿವೆ. ಅವನ್ನು ಜೆರಾಕ್ಸ್ ಮಾಡಿಕೊಟ್ಟವನು ನಾನೇ. ಅದೂ ಪುಕ್ಕಟೆಯಾಗಿ.