ಕಾಕಾನ ಒಳ್ಳೆಯತನ, ಕಾಕಿಯ ಮೊಳಕಾಲು

ನಮ್ಮ ಕಾಕಾನಂಥ ಒಳ್ಳೆಯ ಮನುಷ್ಯ ಜೇವರ್ಗಿ ತಾಲೂಕಿನಲ್ಲಿ ಇನ್ನೊಬ್ಬ ಸಿಗಲಿಕ್ಕಿಲ್ಲ. ಸಿಗದಿರಲಿ ಎಂದೇ ನನ್ನ ಹಾರೈಕೆ! ಇವರೊಬ್ಬರನ್ನು ಸಂಭಾಳಿಸುವುದರಲ್ಲೇ ನಮ್ಮ ಕಾಕಿ ಹಣ್ಣಾಗಿದ್ದಾಳೆ. ಇನ್ನೊಬ್ಬ ಹುಟ್ಟಿಬಿಟ್ಟರೆ ಅವನ ಕೈಹಿಡಿದವಳ ಗತಿ ಏನು?

ಕಾಕಾ ಪಶು ಆಸ್ಪತ್ರೆಯಲ್ಲಿ ಕಂಪೌಂಡರ್ ಆಗಿದ್ದು ನಿವೃತ್ತರಾದವರು. ಒಳ್ಳೆಯವರಾಗಿ ಬದುಕಲು ಕೆಲವು ತತ್ವಗಳನ್ನು ಇಟ್ಟುಕೊಂಡಿದ್ದಾರೆ. ಇಟ್ಟುಕೊಂಡವರು ಅವರು, ನಡೆಸಿಕೊಂಡು ಬಂದವಳು ಕಾಕಿ. ಎಮ್ಮೆ ಮೇವು ಬಿಟ್ಟಿತು, ಹೋರಿ ಕುಂಟುತ್ತಿದೆ ಎಂದು ಈಗಲೂ ಹಳ್ಳಿಗಳವರು ಮನೆಗೇ ಬರುತ್ತಾರೆ. ಬಂದವರು ರೊಟ್ಟಿ ತಿನ್ನದೆ ಹೋಗಬಾರದು ಎಂಬುದು ಒಂದು ತತ್ವ. ಇದನ್ನು ಹೇಳುವಾಗ ಕಾಕಾ ಪಡಸಾಲೆಯಲ್ಲಿ ಆರಾಮಾಗಿ ಕುಳಿತಿರುತ್ತಾರೆ. ಒಳಗೆ ಗ್ಯಾಸಿನ ಮುಂದೆ ನಿಂತು ರೊಟ್ಟಿ ಬಡಿಯುವವಳ ಮೊಳಕಾಲು ಬಾತಿರುತ್ತದೆ. ಒಮ್ಮೆ ಗೊಬ್ಬೂರಿನ ರೈತನೊಬ್ಬ, "ನಮ್ಮ ಆಕಳಾ ಹಿಂದಿನ ಕಾಲ ಊರವಲ್ದುರಿ" ಎಂದ. ಒಳಗಿನಿಂದ ಕಾಕಿಯ ದನಿ ಬಂತು: "ನನ್ನ ಕಾಲೂ ಊರವಲ್ದು. ಅದರ ಸಂಗಟ ನಂದೂ ನೋಡಂತ ಹೇಳ್ರಿ ಅವರಿಗಿ." ರೈತ ನಕ್ಕ. ಆಕಳಿಗೆ ಏನು ಮಾಡಬೇಕೆಂದು ಕಾಕಾ ಅರ್ಧ ತಾಸು ವಿವರಿಸಿದರು.

ಮದುವೆಮನೆಯಲ್ಲಿ ಕಡೆಯ ಪಂಕ್ತಿಗೇ ಕೂಡಬೇಕು ಎಂಬುದು ಇನ್ನೊಂದು. ಎಲ್ಲರೂ ಉಂಡ ಮೇಲೆ ಉಣ್ಣುವುದು ಸಜ್ಜನರ ಲಕ್ಷಣವಂತೆ. ಇರಲಿ ಬಿಡಿ. ಆದರೆ ಗಂಡ ಉಣ್ಣದೆ ಕಾಕಿ ಉಣ್ಣುವವಳಲ್ಲವಲ್ಲ! ಮಟಕಿ ಎಂಬ ಊರಿನ ಮದುವೆಯೊಂದರಲ್ಲಿ ಇವರ ಸರದಿ ಬರುವಷ್ಟರಲ್ಲಿ ಹುಗ್ಗಿ ತಳ ಹತ್ತಿತ್ತು, ತುಪ್ಪ ಮುಗಿದಿತ್ತು, ಬಡಿಸುವವರು ಬಕೆಟ್ ತೊಳೆಯುತ್ತಿದ್ದರು. "ಎಲ್ಲಾರೂ ಉಂಡ್ರಲ್ಲ, ಅದ್ರಾಗೇ ಹೊಟ್ಟಿ ತುಂಬ್ತು" ಎಂದರು ಕಾಕಾ. ಕಾಕಿ ನನ್ನ ಕಿವಿಯಲ್ಲಿ, "ಅವರದು ತುಂಬಿರಬೇಕು ಬೇ, ನನಗ ಹಸುವಾಗ್ಯಾದ" ಎಂದಳು.

ನನಗೆ ನಗು ಬರುತ್ತಿದ್ದದ್ದು ಅಲ್ಲಿಯವರೆಗೆ. ಮೊನ್ನೆ ಕಾಕಿಯನ್ನು ಕಲಬುರಗಿಗೆ ಕರೆದೊಯ್ದು ಮೊಳಕಾಲು ತೋರಿಸಿದೆವು. "ಜಾಸ್ತಿ ನಿಂದ್ರಬ್ಯಾಡ್ರಿ. ಹಿಂಗೇ ನಡಸಿದ್ರ ಮುಂದ ನಡ್ಯಾಕೇ ಆಗಂಗಿಲ್ಲ" ಎಂದು ಡಾಕ್ಟರು ಕಾಕಾನ ಎದುರಿಗೇ ಹೇಳಿದರು. ಕಾಕಾ ತಲೆಯಾಡಿಸಿದರು. ಜೇವರ್ಗಿ ಬಸ್ಸು ಬಂದದ್ದೇ ತಡ, ಮಂದಿ ಮುಗಿಬಿದ್ದರು. ಎಲ್ಲರೂ ಮಾಡುವಂತೆ ನಾನೂ ಕಿಟಕಿಯೊಳಗೆ ಓಢಣಿ ಒಗೆದು ಕಾಕಿಗೊಂದು ಸೀಟು ಹಿಡಿದೆ. ಅವಳನ್ನು ಮೆಲ್ಲಗೆ ನಡೆಸಿ, ಹತ್ತಿಸಿ ಒಳಗೆ ಹೋದರೆ ಆ ಸೀಟಿನಲ್ಲಿ ಹುರಿಮೀಸೆಯ ಗಟ್ಟಿ ಆಳೊಬ್ಬ ಕೂತಿದ್ದಾನೆ! ಪಕ್ಕದಲ್ಲಿ ಕಾಕಾ ನನ್ನ ಓಢಣಿಯನ್ನು ನೀಟಾಗಿ ಮಡಚಿ ಹಿಡಿದುಕೊಂಡು ನಿಂತಿದ್ದಾರೆ.

"ಮೊದಲ ಹತ್ತಿದವರದು ಸೀಟು, ಯವ್ವಾ. ಬಟ್ಟಿ ಒಗದು ಹಿಡಿಯೋದು ಅನ್ಯಾಯ."

"ಕಾಕಿಗಿ ನಿಂದರಸೋದು ಯಾವ ನ್ಯಾಯರಿ ಕಾಕಾ?"

ನನ್ನ ದನಿ ಏರಿತ್ತು. ಬಸ್ಸಿನವರೆಲ್ಲ ತಿರುಗಿ ನೋಡಿದರು. ಊರಿಗೆಲ್ಲ ಒಳ್ಳೆಯವರು, ಕಟ್ಟಿಕೊಂಡ ಹೆಂಡತಿಯೊಬ್ಬಳು ಕಣ್ಣಿಗೆ ಬೀಳುವುದಿಲ್ಲ. ಇಂಥ ಒಳ್ಳೆಯತನಕ್ಕೆ ಬೆಂಕಿ ಹಚ್ಚಬೇಕು ಎನಿಸಿತು. ಇದಕ್ಕಿಂತ ಕುಡಿದು ಗಲಾಟೆ ಮಾಡುವ ಗಂಡ ವಾಸಿ, ಅವನ ಮೇಲೆ ಸಿಟ್ಟಾದರೂ ಮಾಡಬಹುದು. ಇವರ ಮೇಲೆ ಸಿಟ್ಟು ಮಾಡಿದರೆ ಮಂದಿ ಕಾಕಿಯನ್ನೇ ಬೈಯುತ್ತಾರೆ.

ಸೀಟುಗಳ ನಡುವೆ ಯಾರೋ ತೊಗರಿ ಚೀಲ ಇಟ್ಟಿದ್ದರು. ಕಾಕಾ ಅದರ ಮೇಲೆ, ಚೀಲದವನ ಅಪ್ಪಣೆ ಪಡೆದೇ, ಕಾಕಿಯನ್ನು ಕೂಡಿಸಿದರು. ಆಮೇಲೆ ಬಿಳಿ ಧೋತರ ಎತ್ತಿ ಕಟ್ಟಿ, ಮಂದಿಯ ಚಪ್ಪಲಿಗಳ ನಡುವೆ ನೆಲಕ್ಕೆ ಕುಳಿತು, ಅವಳ ಪಾದವನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು ಮೊಳಕಾಲು ಒತ್ತತೊಡಗಿದರು. ಗಂಡಸು ಹೆಂಡತಿಯ ಕಾಲು ಮುಟ್ಟುವುದನ್ನು, ಅದೂ ನಾಲ್ಕು ಜನರೆದುರು, ನಮ್ಮ ಕಡೆ ನಾನು ಕಂಡಿಲ್ಲ.

"ಬಿಡ್ರಿ, ಮಂದಿ ನೋಡಾಕತ್ತಾರ" ಎಂದಳು ಕಾಕಿ.

"ನೋಡ್ಲಿ."

"ಇದನ್ನ ಮನ್ಯಾಗ ಮಾಡಿದ್ರ ಆಗ್ತಿರ್ಲಿಲ್ಲೇನ್ರಿ?"

ಕಾಕಾ ತಲೆ ಎತ್ತಲಿಲ್ಲ. "ಮನ್ಯಾಗ ನಿನಗ ಕುಂದರಾಕ ಯಾವಾಗ ಬಿಟ್ಟೇನಿ?" ಎಂದರು.

ಕಾಕಿ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಕಾಲನ್ನು ಮಾತ್ರ ಹಿಂದಕ್ಕೆ ಎಳೆದುಕೊಳ್ಳಲಿಲ್ಲ.