ಹೊಸ್ತಿಲಿಗೆ ಬೈದ ಮಾಸ್ಟ್ರು

ಪುಂಜಾಲಕಟ್ಟೆಯ ಚಾದಂಗಡಿಯ ಹಸೈನಾರ್ ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಶೇಷಪ್ಪ ಮಾಸ್ಟ್ರಿಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ. ಕೆಟ್ಟವನಾದರೆ ನಾಲ್ಕು ಬೈದು ಹೋಗಬಹುದು. ಒಳ್ಳೆಯದು ಮಾಡಲಿಕ್ಕೆ ಹೋಗಿ ಕೆಲಸ ಕೆಡಿಸಿದವನನ್ನು ಎಂತ ಮಾಡುವುದು, ಹೇಳಿ!

"ಪೆಟ್ಟಿಗೆಯಾ? ಬೆಳಗ್ಗಿನ ಬಸ್ಸಿಗೇ ಬಂತು ಮಾಸ್ಟ್ರೇ," ಎಂದ ಹಸೈನಾರ್, ಗಾಜಿನ ಗ್ಲಾಸು ತೊಳೆಯುತ್ತಾ. "ಅಲ್ಲಾಡಿಸಿದ್ರೆ ಒಳಗೆ ಗೆಜ್ಜೆ ಶಬ್ದ. ಗೊತ್ತಾಯ್ತು, ಯಕ್ಷಗಾನ ಮೇಳದ ಪೆಟ್ಟಿಗೆ. ಇವತ್ತು ಬೆಳ್ತಂಗಡಿಯಲ್ಲಿ ಆಟ ಉಂಟಲ್ಲ? ದೇವರ ಕಿರೀಟ ಇರುವ ಪೆಟ್ಟಿಗೆಯನ್ನು ಹಾಗೆ ನೆಲದಲ್ಲಿ ಬಿಸಾಡ್ಲಿಕ್ಕುಂಟಾ? ಬೆಂಚು ಒರೆಸಿ ಮೇಲೆ ಇಟ್ಟೆ. ಹೂ ಮಾರುವ ಪೂವಮ್ಮ ಬಂದು ಮಲ್ಲಿಗೆ ಸುತ್ತಿದಳು. ನಾಲ್ಕು ಜನ ಕೈಮುಗಿದ್ರು. ಮತ್ತೆ ಮುಂದಿನ ಬಸ್ಸಿಗೆ ಹತ್ತಿಸಿ ಬೆಳ್ತಂಗಡಿಗೆ ಕಳಿಸಿಕೊಟ್ಟೆ."

ಅದು ಮೇಳದ ಪೆಟ್ಟಿಗೆ ಅಲ್ಲ. ಶಾಲೆಯ ಮಕ್ಕಳ ಪ್ರಹಸನಕ್ಕೆ ಶೇಷಪ್ಪ ಮಾಸ್ಟ್ರು ಬಂಟ್ವಾಳದಿಂದ ಬಾಡಿಗೆಗೆ ತರಿಸಿದ ಪೆಟ್ಟಿಗೆ. ಒಳಗೆ ಇದ್ದದ್ದು ನಾಲ್ಕು ಹುಸಿ ಮೀಸೆ, ಎರಡು ಹೊಟ್ಟೆದಿಂಬು, ಒಂದು ಉದ್ದ ಟೊಪ್ಪಿ, ಒಂದು ಜೊತೆ ಗೆಜ್ಜೆ. ಊರವರು ಕೈಮುಗಿದದ್ದು ಆ ಹೊಟ್ಟೆದಿಂಬಿಗೆ.

"ನಿನ್ನ ಮಂಡೆಯಲ್ಲಿ ಎಂತ ಉಂಟು ಮಾರಾಯ?" ಎಂದು ಮಾಸ್ಟ್ರು ಕಿರುಚಿದರು.

"ಬೈಬೇಡಿ ಮಾಸ್ಟ್ರೇ. ಬಸ್ಸಿನ ದುಡ್ಡು ಕೂಡ ನಾನೇ ಕೊಟ್ಟದ್ದು," ಎಂದ ಹಸೈನಾರ್, ನಿಜವಾಗಿಯೂ ನೊಂದುಕೊಂಡು.

ಮಾಸ್ಟ್ರ ಸಿಟ್ಟಿಗೆ ಕಾರಣ ಇಲ್ಲದೆ ಇರಲಿಲ್ಲ. ಅವರ ಹೆಂಡತಿ ಪದ್ಮಾಕ್ಷಿ ಬೆಳುವಾಯಿಯಲ್ಲಿ, ತುಂಬು ಬಸುರಿ. ಇವರು ಪುಂಜಾಲಕಟ್ಟೆಯಿಂದ ಎರಡು ಮೈಲು ಒಳಗಿನ ಶಾಲೆಯಲ್ಲಿ, ಕೈಯಾರೆ ಗಂಜಿ ಬೇಯಿಸಿಕೊಂಡು. ಬೆಳುವಾಯಿಗೆ ವರ್ಗ ಮಾಡಿ ಎಂದು ಮೂರು ವರ್ಷದಿಂದ ಅರ್ಜಿ ಬರೆದು ಬರೆದು ಅವರ ಅಕ್ಷರವೇ ದುಂಡಗಾಗಿತ್ತು. ಇವತ್ತು ಮಧ್ಯಾಹ್ನ ಮೂರಕ್ಕೆ ಶಾಲೆಗೆ ಇನ್‌ಸ್ಪೆಕ್ಟರ್ ಬರುವವರಿದ್ದರು. ರಾಜ್ಯ ಒಂದಾದ ಮೇಲೆ ಮೈಸೂರು ಸೀಮೆಯಿಂದ ಬಂದ ಹೊಸಬರು. ಅವರು ನಕ್ಕದ್ದನ್ನು ಕಂಡವರು ಘಟ್ಟದ ಈಚೆಗೆ ಯಾರೂ ಇಲ್ಲ.

"ಅವರನ್ನು ಒಮ್ಮೆ ನಗಿಸಿದ್ರೆ ಸಾಕು, ಕೇಳಿದ್ದು ಕೊಡ್ತಾರೆ," ಎಂದು ಹೆಡ್‌ಮಾಸ್ಟ್ರ ಎದುರು ಹೊತ್ತಿಸಿದ್ದು ನಿತ್ಯಾನಂದ ಮಾಸ್ಟ್ರು. ಮೂರನೇ ಕ್ಲಾಸಿಗೆ ಪಾಠ ಮಾಡುವವರು, ಉಳಿದ ಕ್ಲಾಸಿನವರಿಗೆಲ್ಲ ಸಲಹೆ ಕೊಡುವವರು. "ಶೇಷಪ್ಪ ಮಾಸ್ಟ್ರು ಮಕ್ಕಳಿಗೆ ವಿದೂಷಕನ ವೇಷ ಕಲಿಸಲಿ. ವರ್ಗ ಬೇಕಾದದ್ದು ಅವರಿಗೆ ಅಲ್ವ?"

ಹುಟ್ಟಿದ ಮೇಲೆ ಸರಿಯಾಗಿ ಹಲ್ಲು ಬಿಟ್ಟು ನಕ್ಕು ಗೊತ್ತಿಲ್ಲದ ಮನುಷ್ಯನಿಗೆ ಈ ಕೆಲಸ!

ಮಾಸ್ಟ್ರು ಬರಿಗೈಯಲ್ಲಿ ಶಾಲೆಗೆ ಬಂದು ಐದನೇ ಕ್ಲಾಸಿನ ನಾಲ್ಕು ಮಕ್ಕಳನ್ನು ಸಾಲಾಗಿ ನಿಲ್ಲಿಸಿದರು.

"ಸಾಮಾನು ಇಲ್ಲ. ಕೈಕಾಲು ಉಂಟು, ಮುಖ ಉಂಟು. ಅದ್ರಲ್ಲೇ ಮಾಡುವ. ಸುಧಾಕರ, ಅಕ್ಕಿಮುಡಿ ಹೊತ್ತುಕೊಂಡು ಬಾ."

"ಮುಡಿ ಎಲ್ಲುಂಟು ಸಾರ್?"

"ಇಲ್ಲ!"

"ಇಲ್ಲದ್ದನ್ನು ಹೊರುವುದು ಹೇಗೆ ಸಾರ್?"

"ಉಂಟು ಅಂತ ಎಣಿಸು! ಒಂದು ಮೂಟೆ ಅಕ್ಕಿಯ ಭಾರ ಉಂಟು, ಬೆನ್ನು ಬಗ್ತದೆ, ಕಾಲು ನಡುಗ್ತದೆ!"

ಸುಧಾಕರ ಇಲ್ಲದ ಮುಡಿಯನ್ನು ಎರಡೇ ಬೆರಳಲ್ಲಿ ಎತ್ತಿ ತಲೆಯ ಮೇಲೆ ಇಟ್ಟುಕೊಂಡು ಓಡಿ ಬಂದ.

"ಅದು ಅಕ್ಕಿಮುಡಿಯೋ ಹಪ್ಪಳವೋ?" ಮಾಸ್ಟ್ರ ಕುತ್ತಿಗೆಯ ನರ ಎದ್ದಿತು. ಮಕ್ಕಳು ಕಿಸಕ್ಕೆಂದರು. ಇಲ್ಲದ ಕುರ್ಚಿಯಲ್ಲಿ ಕೂತುಕೊಳ್ಳಿ ಎಂದರೆ ನಾಲ್ವರೂ ನೆಲದಲ್ಲಿ ಚಕ್ಕಳಮಕ್ಕಳ ಹಾಕಿದರು. ಜಾರಿ ಬೀಳಿ ಎಂದರೆ ಮೊದಲು ಜಾಗ ಗುಡಿಸಿ, ಅಂಗಿ ಮೇಲೆತ್ತಿ, ಮೆಲ್ಲಗೆ ಮಲಗಿದರು. ಮಲಗಿ ಮತ್ತೆ ಕಿಸಕ್ಕೆಂದರು.

ಕಿಟಕಿಯಲ್ಲಿ ನಿತ್ಯಾನಂದ ಮಾಸ್ಟ್ರ ತಲೆ ಮೂಡಿತು. "ಸ್ವಲ್ಪ ನಗ್ತಾ ಕಲಿಸಿ ಮಾರಾಯ್ರೆ. ಮಕ್ಕಳು ಹೆದರ್ತಾರೆ."

"ನೀವು ನಿಮ್ಮ ಮೂರನೇ ಕ್ಲಾಸು ನೋಡಿಕೊಳ್ಳಿ!"

ಗಂಟೆ ಹೊಡೆಯುವ ಹುಕ್ರಪ್ಪ ಬಾಗಿಲಲ್ಲಿ ನಿಂತು ಎಲ್ಲ ನೋಡುತ್ತಿದ್ದ. ಹಿಂದೆ ಹತ್ತು ವರ್ಷ ಮೇಳದಲ್ಲಿ ಹಾಸ್ಯದ ವೇಷ ಮಾಡಿದವನು. ಅವನಿಗೆ ತಡೆಯಲಿಲ್ಲ.

"ಮಾಸ್ಟ್ರೇ, ವೇಷದವ ನಗಾಡಿದ್ರೆ ನೋಡುವವ ನಗಾಡುವುದಿಲ್ಲ. ಹಾಸ್ಯಗಾರನಿಗೆ ಕೋಪ ಬರ್ಬೇಕು. ಎಡವಿದ್ರೆ ಕಲ್ಲಿಗೇ ಬೈಬೇಕು. ಬೈದು ಸುಮ್ಮನೆ ಹೋಗ್ಲಿಕ್ಕಿಲ್ಲ, ಕಲ್ಲು ಎಂತ ಹೇಳ್ತದೆ ಅಂತ ಕಾಯ್ಬೇಕು. ಅಷ್ಟೇ ವಿದ್ಯೆ. ಕೋಪ ಮಾಡುವುದು ಹೇಗೆ ಅಂತ ನೀವೇ ಒಮ್ಮೆ ಮಕ್ಕಳಿಗೆ ತೋರಿಸಿ."

"ನನಗೆ ಕೋಪ ಬರುವುದಿಲ್ಲ!" ಎಂದು ಮಾಸ್ಟ್ರು ಗೋಡೆ ನಡುಗುವ ಹಾಗೆ ಅರಚಿ, ರಪರಪ ಹೊರಗೆ ನಡೆದರು. ಬಾಗಿಲ ಹೊಸ್ತಿಲಿಗೆ ಹೆಬ್ಬೆರಳು ಬಡಿಯಿತು. ನೋವಿಗಿಂತ ಅವಮಾನ ಹೆಚ್ಚಾಯಿತು. ತಿರುಗಿ ಹೊಸ್ತಿಲಿಗೆ ಒಂದು ಒದೆ ಕೊಟ್ಟರು, ಅದೇ ಬೆರಳಿನಿಂದ. ಬೆರಳು ಹಿಡಿದುಕೊಂಡು ಒಂಟಿಕಾಲಲ್ಲಿ ಮೂರು ಸುತ್ತು ಕುಣಿದರು. ಕ್ಲಾಸಿನಲ್ಲಿ ತುಳು ಮಾತಾಡಿದವರನ್ನು ಬೆಂಚಿನ ಮೇಲೆ ನಿಲ್ಲಿಸುವ ಮಾಸ್ಟ್ರು ಹೊಸ್ತಿಲಿಗೆ ಅಪ್ಪಟ ತುಳುವಿನಲ್ಲೇ ಬೈದರು.

ಮಕ್ಕಳು ಈಗ ನಗಲಿಲ್ಲ. ಆ ವರ್ಷದಲ್ಲಿ ಮೊದಲ ಸಲ ಕಣ್ಣು ಮಿಟುಕಿಸದೆ ಪಾಠ ಕೇಳುತ್ತಿದ್ದರು.

ಮೂರಕ್ಕೆ ಬರಬೇಕಾದ ಇನ್‌ಸ್ಪೆಕ್ಟರ್ ಒಂದು ಗಂಟೆಗೇ ಬಂದುಬಿಟ್ಟರು. ಕರಿಕೋಟು, ಚರ್ಮದ ಚೀಲ, ಬಿಗಿದ ತುಟಿ. ಹಾಜರಿ ಪುಸ್ತಕ ನೋಡಿದರು, ಮಗ್ಗಿ ಕೇಳಿದರು. ಹೆಡ್‌ಮಾಸ್ಟ್ರು "ಇನ್ನು ಮಕ್ಕಳ ಪ್ರಹಸನ" ಎಂದರು. ಶೇಷಪ್ಪ ಮಾಸ್ಟ್ರು ಬಾಗಿಲ ಹೊರಗೆ ನಿಂತು ಮನಸ್ಸಿನಲ್ಲೇ ಕಾರಿಂಜದ ದೇವರಿಗೆ ಹರಕೆ ಹೇಳಿಕೊಂಡರು. ಹೆರಿಗೆಯ ಹೊತ್ತಿಗೆ ಪದ್ಮಾಕ್ಷಿಯ ಹತ್ತಿರ ಇರಬೇಕು, ಅಷ್ಟೇ.

ಸುಧಾಕರ ಮುಡಿ ಹೊತ್ತ. ಇನ್‌ಸ್ಪೆಕ್ಟರ್ ಗಡಿಯಾರ ನೋಡಿಕೊಂಡರು. ಮತ್ತೆ ಇಬ್ಬರು ಜಾಗ ಗುಡಿಸಿ ಜಾರಿ ಬಿದ್ದರು. ಇನ್‌ಸ್ಪೆಕ್ಟರ್ ಆಕಳಿಸಿದರು. ಆಗ ನಾಲ್ಕನೆಯವಳು, ಜಲಜಾಕ್ಷಿ, ಎದ್ದಳು. ಎರಡು ಜಡೆಯ, ಕ್ಲಾಸಿನಲ್ಲೇ ಗಿಡ್ಡ ಹುಡುಗಿ.

ಬಂದವಳೇ ಇಲ್ಲದ ಪಂಚೆಯನ್ನು ಎತ್ತಿ ಕಟ್ಟಿದಳು. ಇಲ್ಲದ ಪೆಟ್ಟಿಗೆಯನ್ನು ಹುಡುಕಿದಳು. ಕುತ್ತಿಗೆಯ ನರ ಉಬ್ಬಿಸಿ "ನನಗೆ ಕೋಪ ಬರುವುದಿಲ್ಲ!" ಎಂದು ಅರಚಿದಳು. ರಪರಪ ನಡೆದು ಬಾಗಿಲಿಗೆ ಹೋಗಿ ಹೊಸ್ತಿಲಿಗೆ ಎಡವಿ, ಒದ್ದು, ಬೆರಳು ಹಿಡಿದು ಕುಣಿದು, ಬೆರಳು ತೋರಿಸಿ ತುಳುವಿನಲ್ಲಿ ಬೈದು, ಸೊಂಟಕ್ಕೆ ಕೈಕೊಟ್ಟು ಹೊಸ್ತಿಲಿನ ಉತ್ತರಕ್ಕೆ ಕಾದಳು.

ಇಡೀ ಶಾಲೆಗೆ ಗುರುತು ಸಿಕ್ಕಿತು. ಶೇಷಪ್ಪ ಮಾಸ್ಟ್ರಿಗೂ ಸಿಕ್ಕಿತು.

"ನಿಲ್ಲಿಸು!" ಎಂದು ಒಳಗೆ ನುಗ್ಗಿದರು. ಅದೇ ಹೊಸ್ತಿಲು, ಅದೇ ಬೆರಳು. ಮಾಸ್ಟ್ರೂ ಒದ್ದರು, ಹಿಡಿದರು, ಕುಣಿದರು, ಬೈದರು. ಪಕ್ಕದಲ್ಲಿ ಜಲಜಾಕ್ಷಿಯೂ ಬಿಡದೆ ಜೊತೆಗೇ ಕುಣಿದಳು.

ಇನ್‌ಸ್ಪೆಕ್ಟರರ ಗಂಟಲಲ್ಲಿ ಏನೋ ಸಿಕ್ಕಿಕೊಂಡ ಶಬ್ದವಾಯಿತು. ಅದು ನಗು. ವರ್ಷಗಟ್ಟಲೆ ಕಟ್ಟಿಟ್ಟದ್ದು ಒಂದೇ ಸಲಕ್ಕೆ ಹೊರಬಿತ್ತು. ಕನ್ನಡಕ ಜಾರಿತು, ಕಣ್ಣಲ್ಲಿ ನೀರು ಬಂತು, ಹೆಡ್‌ಮಾಸ್ಟ್ರ ಭುಜ ಹಿಡಿದುಕೊಂಡು ನಕ್ಕರು.

"ಅಯ್ಯಯ್ಯೋ, ಸಾಕಪ್ಪಾ ಸಾಕು! ಒಂದು ಟೋಪಿ ಇಲ್ಲ, ಒಂದು ಮೀಸೆ ಇಲ್ಲ, ಬರೀ ಕೋಪದಲ್ಲೇ ಇಷ್ಟು ಕಲಿಸಿದ್ದೀರಲ್ಲ ಮೇಷ್ಟ್ರೇ!"

ಶೇಷಪ್ಪ ಮಾಸ್ಟ್ರು ಒಂಟಿಕಾಲಲ್ಲೇ ಕೈಮುಗಿದರು. "ಸಾರ್, ನನ್ನ ಬೆಳುವಾಯಿ ಅರ್ಜಿ..."

"ಗೊತ್ತು ರೀ." ಇನ್‌ಸ್ಪೆಕ್ಟರ್ ಚೀಲದಿಂದ ಒಂದು ಕಾಗದ ತೆಗೆದರು. "ನಿಮ್ಮ ವರ್ಗದ ಆರ್ಡರು. ಹೋದ ವಾರವೇ ಆಗಿದೆ. ಇವತ್ತು ಕೈಗೆ ಕೊಟ್ಟು ಹೋಗೋಣ ಅಂತಲೇ ಬಂದೆ."

ಮಾಸ್ಟ್ರು ಕೈ ಚಾಚಿದರು.

"ಆದರೆ ಇಂಥ ರತ್ನವನ್ನ ಈ ಮಕ್ಕಳ ಕೈಯಿಂದ ಕಿತ್ತುಕೊಂಡರೆ ನನಗೆ ಒಳ್ಳೇದಾಗುತ್ತಾ?" ಎಂದು ಇನ್‌ಸ್ಪೆಕ್ಟರ್ ಕಾಗದವನ್ನು ಪರಪರ ಹರಿದು ಹಾಕಿದರು. "ನೀವು ಇಲ್ಲೇ ಇರಿ. ಬೆಳುವಾಯಿಗೆ ಬೇರೆ ಯಾರಾದರೂ ಹೋಗಲಿ."

ಮಾತು ಮುಗಿಯುವ ಮೊದಲೇ ನಿತ್ಯಾನಂದ ಮಾಸ್ಟ್ರ ಕೈ ಮೇಲೆದ್ದಿತ್ತು.

"ಸಾರ್!" ಶೇಷಪ್ಪ ಮಾಸ್ಟ್ರು ಅರಚಿದರು. "ಇದು ಅನ್ಯಾಯ! ನನ್ನ ಹೆಂಡತಿ ಬಸುರಿ! ಮೂರು ವರ್ಷ ಅರ್ಜಿ ಬರ್ದಿದ್ದೇನೆ! ನಾನು ನಿಜವಾಗಿ ಬೈತಾ ಇದ್ದೇನೆ, ಕೇಳ್ತದಾ ನಿಮಗೆ?" ಕುತ್ತಿಗೆಯ ನರ ಉಬ್ಬಿತು. ಮಕ್ಕಳು ಚಪ್ಪಾಳೆ ತಟ್ಟಿದರು. ಇನ್‌ಸ್ಪೆಕ್ಟರ್ ಹೊಟ್ಟೆ ಹಿಡಿದುಕೊಂಡು "ಇನ್ನೊಂದು ಸಲ ಮೇಷ್ಟ್ರೇ, ಇನ್ನೊಂದೇ ಸಲ!" ಎಂದರು.

ಸಂಜೆ ಐದಕ್ಕೆ ಮಾಸ್ಟ್ರು ಕುಂಟುತ್ತಾ ಪುಂಜಾಲಕಟ್ಟೆಗೆ ಬಂದರು. ಬೆಳ್ತಂಗಡಿಯಿಂದ ಬಸ್ಸು ಬಂದು ನಿಂತಿತು. ಕಂಡಕ್ಟರ್ ಇಬ್ರಾಹಿಂ ಮೇಲಿನಿಂದ ಪೆಟ್ಟಿಗೆ ಇಳಿಸಿದ. "ಮೇಳದವರು ನಮ್ಮದಲ್ಲ ಅಂದ್ರು ಮಾಸ್ಟ್ರೇ. ಬಂದದ್ದು ಬಂತು ಅಂತ ಪ್ರಸಾದ ಇಟ್ಟು ಕಳಿಸಿದ್ದಾರೆ." ಹಸೈನಾರ್ ಓಡಿ ಬಂದು ಬೆಂಚು ಒರೆಸತೊಡಗಿದ.

ಮಾಸ್ಟ್ರು ಪೆಟ್ಟಿಗೆಗೆ ಜಾಡಿಸಿ ಒದ್ದರು. ಅದೇ ಬೆರಳು. ಹಿಡಿದುಕೊಂಡು ಮೂರು ಸುತ್ತು ಕುಣಿದರು. ಬಸ್ಸಿನ ಕಿಟಕಿಗಳಲ್ಲೆಲ್ಲ ತಲೆಗಳು ಮೂಡಿದವು. ಮಾಸ್ಟ್ರು ಪೆಟ್ಟಿಗೆಯತ್ತ ಬೆರಳು ಚಾಚಿ, ಮೂರು ವರ್ಷದ ಸಂಕಟವನ್ನೆಲ್ಲ ಸೇರಿಸಿ ಬೈದರು. ಬೈದು ಸೊಂಟದ ಮೇಲೆ ಕೈಯಿಟ್ಟು, ಅದು ಎಂತ ಹೇಳ್ತದೆ ಎಂದು ಕಾಯುತ್ತಾ ನಿಂತರು.